ಒಂದು ರೂಪಾಯಿಗೆ ಒಂದು ಡಾಲರು ಎಂಬ ಸುಳ್ಳು

ಆಗಸ್ಟ್ ತಿಂಗಳು ಬಂತೆಂದರೆ ಒಂದು ಮಾತು ಫೋನಿನಿಂದ ಫೋನಿಗೆ ಓಡಾಡತೊಡಗುತ್ತದೆ. ಸ್ವಾತಂತ್ರ್ಯ ಬಂದ ದಿನ ಒಂದು ರೂಪಾಯಿಗೆ ಒಂದು ಡಾಲರು ಸಿಗುತ್ತಿತ್ತು, ಈಗ ಎಲ್ಲಿಗೆ ಬಂದಿದ್ದೇವೆ ನೋಡಿ ಎಂಬುದು ಆ ಮಾತು. ವಾಟ್ಸಾಪ್ ಸಂದೇಶವಾಗಿ ಹರಿದಾಡುತ್ತಿದ್ದದ್ದು ಈಗ ಶಾಲೆಯ ಭಾಷಣ ಸ್ಪರ್ಧೆಗೂ ಟಿ.ವಿ. ಚರ್ಚೆಗೂ ಚುನಾವಣಾ ವೇದಿಕೆಗೂ ಏರಿ ಕೂತಿದೆ. ವಿರೋಧ ಪಕ್ಷದಲ್ಲಿದ್ದಾಗ ಎಲ್ಲರೂ ರೂಪಾಯಿ ಬಿತ್ತು, ದೇಶದ ಮಾನ ಹೋಯಿತು ಎಂದು ಕೂಗುತ್ತಾರೆ. ಅಧಿಕಾರ ಸಿಕ್ಕಿದ ಮೇಲೆ ಅವರೇ ಜಾಗತಿಕ ಕಾರಣಗಳನ್ನು ಎಣಿಸುತ್ತಾರೆ.

ಈ ಮಾತು ಸುಳ್ಳು. 1947ರ ಆಗಸ್ಟ್ 15ರಂದು ಒಂದು ಡಾಲರಿನ ಬೆಲೆ ಸುಮಾರು 3.31 ರೂಪಾಯಿ, ಅಂದಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೂರು ರೂಪಾಯಿ ಐದು ಆಣೆ. ಸುಳ್ಳು ಅಂಕಿಯೊಂದು ತಿರುಗಾಡಿದರೆ ಏನು ಮಹಾ ನಷ್ಟ ಎಂದು ಕೇಳುವವರಿದ್ದಾರೆ. ನಷ್ಟವಿದೆ. ರೂಪಾಯಿಯ ದರವೇ ದೇಶದ ಮರ್ಯಾದೆಯ ಅಳತೆ ಎಂಬ ನಂಬಿಕೆ ಈ ಅಂಕಿಯ ಬೆನ್ನಿಗೇ ಬರುತ್ತದೆ. ಆ ನಂಬಿಕೆಯಿಂದಾಗಿ ಈ ದೇಶದ ಸರ್ಕಾರಗಳು ಮಾಡಬೇಕಾದ್ದನ್ನು ಮಾಡಬೇಕಾದ ಹೊತ್ತಿನಲ್ಲಿ ಮಾಡಲು ಹೆದರಿವೆ, ಅದರ ಬೆಲೆಯನ್ನು ಜನ ತೆತ್ತಿದ್ದಾರೆ.

ಮೊದಲು ಅಂಕಿಯ ವಿಷಯ. 1947ರಲ್ಲಿ ರೂಪಾಯಿಗೂ ಡಾಲರಿಗೂ ನೇರ ಸಂಬಂಧವೇ ಇರಲಿಲ್ಲ. ರೂಪಾಯಿಯನ್ನು ಬ್ರಿಟಿಷ್ ಪೌಂಡಿಗೆ ಕಟ್ಟಿಹಾಕಲಾಗಿತ್ತು. ಒಂದು ರೂಪಾಯಿಗೆ 1 ಶಿಲ್ಲಿಂಗ್ 6 ಪೆನ್ಸ್ ಎಂಬ ದರ 1927ರ ಕಾನೂನಿನಿಂದ ಬಂದದ್ದು. ಅಂದರೆ ರೂಪಾಯಿಗೆ 18 ಪೆನ್ಸ್. ಪೌಂಡಿಗೆ 240 ಪೆನ್ಸ್. ಅದನ್ನು 18ರಿಂದ ಭಾಗಿಸಿದರೆ ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ. ಆಗ ಪೌಂಡಿನ ಬೆಲೆ 4.03 ಡಾಲರು ಎಂದು ನಿಗದಿಯಾಗಿತ್ತು. 13.33ನ್ನು 4.03ರಿಂದ ಭಾಗಿಸಿದರೆ ಸಿಗುವುದು 3.31. ಅಂತರರಾಷ್ಟ್ರೀಯ ಹಣಕಾಸು ನಿಧಿ 1946ರ ಡಿಸೆಂಬರಿನಲ್ಲಿ ಸದಸ್ಯ ದೇಶಗಳ ಹಣದ ಅಧಿಕೃತ ಬೆಲೆಗಳನ್ನು ಪ್ರಕಟಿಸಿದಾಗ ಭಾರತದ ರೂಪಾಯಿಗೆ ಇಟ್ಟ ಬೆಲೆ 30.225 ಅಮೆರಿಕನ್ ಸೆಂಟ್. ಅಲ್ಲಿಂದ ಎಂಟು ತಿಂಗಳಲ್ಲಿ ಸ್ವಾತಂತ್ರ್ಯ ಬಂತು. ದರ ಅದೇ ಇತ್ತು.

ಚಿನ್ನದ ದರದಿಂದಲೂ ಇದನ್ನು ತಾಳೆ ನೋಡಬಹುದು. ಅಮೆರಿಕ ಆಗ ಒಂದು ಔನ್ಸ್ ಚಿನ್ನಕ್ಕೆ 35 ಡಾಲರು ಎಂದು ನಿಗದಿ ಮಾಡಿತ್ತು, ಅಂದರೆ ಹತ್ತು ಗ್ರಾಮಿಗೆ 11 ಡಾಲರಿಗೂ ತುಸು ಹೆಚ್ಚು. ರೂಪಾಯಿ ಡಾಲರಿಗೆ ಸಮವಾಗಿದ್ದರೆ ಬೊಂಬಾಯಿಯ ಚಿನಿವಾರ ಪೇಟೆಯಲ್ಲಿ ಹತ್ತು ಗ್ರಾಂ ಚಿನ್ನ ಹನ್ನೊಂದು ಹನ್ನೆರಡು ರೂಪಾಯಿಗೆ ಸಿಗಬೇಕಿತ್ತು. ಆ ವರ್ಷ ಅಲ್ಲಿ ಅದರ ಬೆಲೆ 80 ರೂಪಾಯಿಗೂ ಮೇಲಿತ್ತು. ಪೇಟೆಯ ಕಣ್ಣಿನಲ್ಲಿ ರೂಪಾಯಿ ಅಧಿಕೃತ ದರಕ್ಕಿಂತಲೂ ಅಗ್ಗವಾಗಿತ್ತು ಎಂದೇ ಇದರ ಅರ್ಥ.

ಇನ್ನೂ ಮುಂದೆ ಹೋಗುವ ಸಂದೇಶಗಳೂ ಇವೆ: 1917ರಲ್ಲಿ ಒಂದು ರೂಪಾಯಿಗೆ 13 ಡಾಲರು ಬರುತ್ತಿತ್ತಂತೆ. ಇದನ್ನು ನಂಬುವವರು ಎರಡು ನಾಣ್ಯಗಳನ್ನು ತಕ್ಕಡಿಗೆ ಹಾಕಿ ನೋಡಬೇಕು. 1835ರಿಂದ ಟಂಕಿಸಿದ ಬೆಳ್ಳಿ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ, 11.66 ಗ್ರಾಂ, ಅದರಲ್ಲಿ ಅಪ್ಪಟ ಬೆಳ್ಳಿ 10.69 ಗ್ರಾಂ. ಅಮೆರಿಕದ ಬೆಳ್ಳಿ ಡಾಲರಿನ ತೂಕ 26.73 ಗ್ರಾಂ, ಅದರಲ್ಲಿ ಅಪ್ಪಟ ಬೆಳ್ಳಿ 24 ಗ್ರಾಮಿಗೂ ಮೇಲೆ. ಬರಿ ಲೋಹವಾಗಿ ಕರಗಿಸಿದರೂ ಒಂದು ಡಾಲರಿಗೆ ಎರಡೂಕಾಲು ರೂಪಾಯಿ ಬೇಕು. 1917ರಲ್ಲಿ ರೂಪಾಯಿ 1 ಶಿಲ್ಲಿಂಗ್ 4 ಪೆನ್ಸಿನಿಂದ 5 ಪೆನ್ಸಿನ ಆಸುಪಾಸಿನಲ್ಲಿತ್ತು. ಆ ಲೆಕ್ಕದಲ್ಲಿ ಡಾಲರಿಗೆ ಮೂರು ರೂಪಾಯಿ. ಯುದ್ಧದಿಂದ ಬೆಳ್ಳಿಯ ಬೆಲೆ ನೆತ್ತಿಗೇರಿ, 1920ರ ಆರಂಭದಲ್ಲಿ ರೂಪಾಯಿ 2 ಶಿಲ್ಲಿಂಗ್ 8 ಪೆನ್ಸನ್ನೂ ದಾಟಿದಾಗ ಕೂಡ ಅದು ಅರ್ಧ ಡಾಲರನ್ನು ಮುಟ್ಟಲಿಲ್ಲ. ಪೌಂಡಿಗೆ 13 ರೂಪಾಯಿ ಎಂಬುದನ್ನು ಯಾರೋ ತಿರುಗುಮುರುಗು ಮಾಡಿ ರೂಪಾಯಿಗೆ 13 ಡಾಲರು ಎಂದು ಬರೆದಿರಬಹುದು. 1947ರ ಹೊತ್ತಿಗಂತೂ ರೂಪಾಯಿ ನಾಣ್ಯದಲ್ಲಿ ಬೆಳ್ಳಿಯೇ ಉಳಿದಿರಲಿಲ್ಲ. 1940ರಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದ್ದರು, 1947ರ ರೂಪಾಯಿಯನ್ನು ಪೂರಾ ನಿಕ್ಕಲ್‌ನಲ್ಲಿ ಟಂಕಿಸಿದರು.

ಈ ಸುಳ್ಳಿಗೆ ಕೊಡುವ ಕಾರಣವೊಂದಿದೆ: ಸ್ವಾತಂತ್ರ್ಯ ಬಂದಾಗ ಭಾರತಕ್ಕೆ ಸಾಲವಿರಲಿಲ್ಲ, ಆದ್ದರಿಂದ ರೂಪಾಯಿ ಡಾಲರಿಗೆ ಸಮನಾಗಿತ್ತು. ಸಾಲವಿಲ್ಲದ ದೇಶದ ಹಣ ಡಾಲರಿಗೆ ಸಮನಾಗಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಭಾರತಕ್ಕೆ ಹೊರಗಿನಿಂದ ಬರಬೇಕಾದ ಬಾಕಿಯೇ ಆಗ ಇತ್ತು ಎಂಬುದು ಮಾತ್ರ ನಿಜ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಇಲ್ಲಿಂದ ಬಟ್ಟೆ, ಧಾನ್ಯ, ಸೆಣಬು, ಉಕ್ಕು, ಸೈನಿಕರ ದುಡಿಮೆ ಎಲ್ಲವನ್ನೂ ಪಡೆದು, ಅದರ ಹಣವನ್ನು ಕೊಡದೆ ಲಂಡನ್ನಿನಲ್ಲಿ ಭಾರತದ ಹೆಸರಿಗೆ ಬರೆದಿಟ್ಟಿತು. 1947ರಲ್ಲಿ ಆ ಬಾಕಿ ಸುಮಾರು 116 ಕೋಟಿ ಪೌಂಡು, ಅಂದರೆ 1,500 ಕೋಟಿ ರೂಪಾಯಿಗೂ ಹೆಚ್ಚು. ಸರಕು ಹೊರಗೆ ಹೋಗಿ, ಅದಕ್ಕೆ ಬದಲಾಗಿ ನೋಟು ಮಾತ್ರ ಅಚ್ಚಾಗಿ, ಬೆಲೆಗಳು ಏರಿದವು. ಆ ವರ್ಷಗಳಲ್ಲೇ, 1943ರಲ್ಲಿ, ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಭಾರತದ ಸೆಣಬು, ಚಹಾ ಗಳಿಸಿದ ಡಾಲರುಗಳು ಸಾಮ್ರಾಜ್ಯದ ಡಾಲರ್ ನಿಧಿಗೆ ಸೇರುತ್ತಿದ್ದವು. ಅದರ ಬೀಗದಕೈ ಲಂಡನ್ನಿನಲ್ಲಿತ್ತು. ಇಂಥ ಕಾಲವನ್ನು ರೂಪಾಯಿಯ ಸುವರ್ಣಯುಗ ಎಂದು ಮಕ್ಕಳಿಗೆ ಹೇಳಿಕೊಡುವುದು ಅವತ್ತು ಸತ್ತವರಿಗೆ ಮಾಡುವ ಅನ್ಯಾಯ.

ಅಂಕಿಗಿಂತ ದೊಡ್ಡ ತಪ್ಪು ಅದರ ಹಿಂದಿರುವ ನಂಬಿಕೆ. ರೂಪಾಯಿ ಮೇಲಿದ್ದರೆ ದೇಶ ಮೇಲೆ, ಕೆಳಗಿಳಿದರೆ ದೇಶಕ್ಕೆ ಅವಮಾನ ಎಂದು ದೇಶಭಕ್ತಿಯ ದನಿಯಲ್ಲಿ ಹೇಳಲಾಗುತ್ತದೆ. ಸ್ವಾತಂತ್ರ್ಯ ಹೋರಾಟದ ನಾಯಕರು ಹೇಳಿದ್ದು ಇದಕ್ಕೆ ನೇರ ವಿರುದ್ಧ. ರೂಪಾಯಿಯನ್ನು ಎತ್ತರದಲ್ಲಿ ಹಿಡಿದಿಟ್ಟದ್ದು ಬ್ರಿಟಿಷ್ ಸರ್ಕಾರ. ಇಳಿಸಿ ಎಂದು ಹೋರಾಡಿದವರು ಭಾರತೀಯರು.

ಕಥೆ 1870ರ ದಶಕದಲ್ಲಿ ಶುರುವಾಗುತ್ತದೆ. ಜರ್ಮನಿ ಮೊದಲಾದ ದೇಶಗಳು ಬೆಳ್ಳಿಯನ್ನು ಬಿಟ್ಟು ಚಿನ್ನಕ್ಕೆ ಹೋದವು, ಬೆಳ್ಳಿಯ ಬೆಲೆ ಕುಸಿಯಿತು, ಬೆಳ್ಳಿ ರೂಪಾಯಿ 2 ಶಿಲ್ಲಿಂಗಿನಿಂದ ಜಾರುತ್ತ 1893ರ ಹೊತ್ತಿಗೆ 1 ಶಿಲ್ಲಿಂಗ್ 3 ಪೆನ್ಸಿಗೂ ಕೆಳಗೆ ಬಂತು. ಭಾರತ ಸರ್ಕಾರ ಲಂಡನ್ನಿಗೆ ಪ್ರತಿವರ್ಷ ಪೌಂಡಿನಲ್ಲಿ ಕಟ್ಟಬೇಕಿದ್ದ ಹೊರೆಗೆ, ಅಂದರೆ ಅಧಿಕಾರಿಗಳ ಪಿಂಚಣಿ, ರೈಲ್ವೆ ಬಡ್ಡಿ, ಸೈನ್ಯದ ವೆಚ್ಚಕ್ಕೆ, ಹೆಚ್ಚುಹೆಚ್ಚು ರೂಪಾಯಿ ಬೇಕಾಯಿತು. ಸರ್ಕಾರ 1893ರಲ್ಲಿ ಜನರ ಬೆಳ್ಳಿಗೆ ಟಂಕಸಾಲೆಯ ಬಾಗಿಲು ಮುಚ್ಚಿತು. ರೂಪಾಯಿ ವಿರಳವಾಯಿತು, ದರ ಏರಿ 1 ಶಿಲ್ಲಿಂಗ್ 4 ಪೆನ್ಸಿಗೆ ನಿಂತಿತು. ಇದು ಹಿಂಬಾಗಿಲಿನಿಂದ ರೈತನ ಮೇಲೆ ತೆರಿಗೆ ಏರಿಸಿದಂತೆ ಎಂದು ದಾದಾಭಾಯಿ ನವರೋಜಿ ಪ್ರತಿಭಟಿಸಿದರು. ಕಂದಾಯ ಮೊದಲಿನಷ್ಟೇ ರೂಪಾಯಿ. ಆ ರೂಪಾಯಿಯನ್ನು ಸಂಪಾದಿಸಲು ರೈತ ಹೆಚ್ಚು ಫಸಲು ಮಾರಬೇಕಾಗಿತ್ತು.

1920ರಲ್ಲಿ ಸರ್ಕಾರ ಇನ್ನೂ ದೊಡ್ಡ ಹಟ ಹಿಡಿಯಿತು. ಬ್ಯಾಬಿಂಗ್ಟನ್ ಸ್ಮಿತ್ ಸಮಿತಿಯ ಮಾತು ಕೇಳಿ ರೂಪಾಯಿಯನ್ನು 2 ಶಿಲ್ಲಿಂಗಿಗೆ ನಿಲ್ಲಿಸಲು ನೋಡಿತು. ಸಮಿತಿಯಲ್ಲಿದ್ದ ಒಬ್ಬನೇ ಭಾರತೀಯ ದಾದಿಬಾ ದಲಾಲ್ ಒಪ್ಪದೆ ಭಿನ್ನಮತ ಬರೆದರು. ಬೆಳ್ಳಿಯ ಬೆಲೆ ಇಳಿದ ಕೂಡಲೇ ದರ ಕುಸಿಯಿತು. ಲಂಡನ್ನಿನಲ್ಲಿದ್ದ ಭಾರತದ ಮೀಸಲು ಹಣವನ್ನು ಅಗ್ಗಕ್ಕೆ ಮಾರಿ ಹಿಡಿದು ನಿಲ್ಲಿಸುವ ಪ್ರಯತ್ನ ನಡೆಯಿತು. ಸೆಪ್ಟೆಂಬರಿನಲ್ಲಿ ಅದನ್ನೂ ಕೈಬಿಟ್ಟರು. 2 ಶಿಲ್ಲಿಂಗಿನ ಭರವಸೆಯಲ್ಲಿ ವಿದೇಶದಿಂದ ಸರಕು ತರಿಸಿದ್ದ ವರ್ತಕರು ಮುಳುಗಿದರು.

ಮುಂದೆ 1926ರ ಹಿಲ್ಟನ್ ಯಂಗ್ ಆಯೋಗ 1 ಶಿಲ್ಲಿಂಗ್ 6 ಪೆನ್ಸ್ ಎಂದಿತು. ಆಯೋಗದ ಸದಸ್ಯ ಪುರುಷೋತ್ತಮದಾಸ್ ಠಾಕೂರದಾಸ್ 1 ಶಿಲ್ಲಿಂಗ್ 4 ಪೆನ್ಸ್ ಸಾಕು ಎಂದು ಭಿನ್ನಮತ ಬರೆದರು. ಎರಡು ಪೆನ್ಸಿನ ವ್ಯತ್ಯಾಸಕ್ಕೆ ದೇಶವೇ ಏಕೆ ಎದ್ದು ನಿಂತಿತು ಎಂಬುದು ಒಬ್ಬ ಹತ್ತಿ ಬೆಳೆಗಾರನ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ. ಲಿವರ್‌ಪೂಲಿನಲ್ಲಿ ಹತ್ತಿಯ ಬೆಲೆ ಪೌಂಡಿನಲ್ಲಿ ನಿಗದಿಯಾಗುತ್ತಿತ್ತು. 1 ಶಿಲ್ಲಿಂಗ್ 4 ಪೆನ್ಸ್ ದರದಲ್ಲಿ ಒಂದು ಪೌಂಡಿಗೆ ಇಲ್ಲಿ 15 ರೂಪಾಯಿ. 1 ಶಿಲ್ಲಿಂಗ್ 6 ಪೆನ್ಸ್ ದರದಲ್ಲಿ 13 ರೂಪಾಯಿ 5 ಆಣೆ 4 ಪೈ. ಹತ್ತಿ ಅದೇ, ಲಿವರ್‌ಪೂಲಿನ ಬೆಲೆ ಅದೇ. ಪೌಂಡಿಗೆ 1 ರೂಪಾಯಿ 10 ಆಣೆ 8 ಪೈ ಕೈಬಿಟ್ಟುಹೋಯಿತು. ಕಂದಾಯದಲ್ಲಿ, ಸಾಹುಕಾರನ ಬಡ್ಡಿಯಲ್ಲಿ ಒಂದು ಕಾಸೂ ಇಳಿಯಲಿಲ್ಲ. ಇತ್ತ ಲ್ಯಾಂಕಾಶೈರಿನ ಬಟ್ಟೆ ಇಲ್ಲಿ ಅಗ್ಗವಾಯಿತು, ಊರಿಗೆ ಹಣ ಕಳಿಸುವ ಬ್ರಿಟಿಷ್ ಅಧಿಕಾರಿಗೆ ಹೆಚ್ಚು ಪೌಂಡು ದಕ್ಕಿತು. ಕೇಂದ್ರ ಶಾಸನಸಭೆಯ ಭಾರತೀಯ ಸದಸ್ಯರ ಬಲವಾದ ವಿರೋಧವಿದ್ದರೂ 1927ರಲ್ಲಿ ಕೆಲವೇ ಮತಗಳ ಅಂತರದಿಂದ ಈ ದರದ ಮಸೂದೆ ಪಾಸಾಯಿತು.

1930ರ ಜನವರಿಯಲ್ಲಿ ಗಾಂಧೀಜಿ ವೈಸ್‌ರಾಯ್ ಇರ್ವಿನ್ ಮುಂದೆ ಹನ್ನೊಂದು ಬೇಡಿಕೆಗಳನ್ನಿಟ್ಟರು. ಉಪ್ಪಿನ ಕರ ರದ್ದಾಗಬೇಕು ಎಂಬುದನ್ನು ಎಲ್ಲರೂ ನೆನಪಿಟ್ಟಿದ್ದಾರೆ. ಅದಕ್ಕೂ ಮೇಲೆ, ಪಾನನಿಷೇಧದ ನಂತರ ಎರಡನೆಯದಾಗಿ ಇದ್ದ ಬೇಡಿಕೆ ರೂಪಾಯಿಯ ದರವನ್ನು 1 ಶಿಲ್ಲಿಂಗ್ 4 ಪೆನ್ಸಿಗೆ ಇಳಿಸಿ ಎಂಬುದು. ದಂಡಿ ಯಾತ್ರೆಗೆ ಹೊರಡುವ ಮೊದಲು ಗಾಂಧೀಜಿ ಕೇಳಿದ್ದು ರೂಪಾಯಿಯ ಅಪಮೌಲ್ಯವನ್ನು. ರೂಪಾಯಿ ಇಳಿದರೆ ದೇಶದ್ರೋಹ ಎನ್ನುವವರು ಈ ಪಟ್ಟಿಯನ್ನು ಒಮ್ಮೆ ಓದಬೇಕು.

ಅಗ್ಗದ ರೂಪಾಯಿಯೇ ಎಲ್ಲರಿಗೂ ಒಳ್ಳೆಯದು ಎಂಬ ಒಮ್ಮತವೂ ಆಗ ಇರಲಿಲ್ಲ. 1923ರಲ್ಲಿ ರೂಪಾಯಿಯ ಸಮಸ್ಯೆಯ ಬಗ್ಗೆ ಗ್ರಂಥವನ್ನೇ ಬರೆದಿದ್ದ ಅಂಬೇಡ್ಕರ್ ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷ್ಯ ಹೇಳಿದರು. ದರ ಇಳಿಸಿದರೆ ಬರುವ ಲಾಭ ದೇಶಕ್ಕೆ ಬರುವ ಲಾಭವಲ್ಲ, ಒಂದು ವರ್ಗದ ಜೇಬಿನಿಂದ ಇನ್ನೊಂದು ವರ್ಗದ ಜೇಬಿಗೆ ಹೋಗುವ ಹಣ. ಬೆಲೆ ಏರಿ ಕೂಲಿಕಾರನ ಗಳಿಕೆ ಸವೆಯುತ್ತದೆ ಎಂಬುದು ಅವರ ವಾದ. ಠಾಕೂರದಾಸರ ಕಡೆ ರಫ್ತುದಾರರೂ ಗಿರಣಿ ಮಾಲೀಕರೂ ಇದ್ದರು ಎಂಬುದನ್ನು ಅವರು ಮರೆಯಲಿಲ್ಲ. ಯಾರು ಸರಿ ಎಂಬುದು ಬೇರೆ ಪ್ರಶ್ನೆ. ಈ ದರದಲ್ಲಿ ಯಾರಿಗೆ ಲಾಭ, ಯಾರಿಗೆ ಹೊರೆ ಎಂದು ಎರಡೂ ಕಡೆಯವರು ಕೇಳುತ್ತಿದ್ದರು. ನೂರು ವರ್ಷದ ಹಿಂದೆ ಚರ್ಚೆ ಆ ಮಟ್ಟದಲ್ಲಿತ್ತು. ಈಗ ಅದು ಮಾನಾಪಮಾನಕ್ಕೆ ಇಳಿದಿದೆ.

ಸ್ವತಂತ್ರ ಭಾರತ ಮೊದಲ ಬಾರಿ ದರ ಇಳಿಸಿದ್ದು 1949ರ ಸೆಪ್ಟೆಂಬರಿನಲ್ಲಿ. ಬ್ರಿಟನ್ ಪೌಂಡನ್ನು 4.03ರಿಂದ 2.80 ಡಾಲರಿಗೆ ಇಳಿಸಿತು, ಭಾರತವೂ ಜೊತೆಯಲ್ಲೇ ಇಳಿಯಿತು, ಡಾಲರು 4.76 ರೂಪಾಯಿಯಾಯಿತು. ಹಣಕಾಸು ಸಚಿವರು ಜಾನ್ ಮಥಾಯಿ. ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿ ಎರಡೂವರೆ ತಿಂಗಳ ಹಿಂದಷ್ಟೇ ಬಂದಿದ್ದವರು ಮಂಗಳೂರಿನ ಬೆನಗಲ್ ರಾಮರಾವ್. ನೆರೆಯ ಪಾಕಿಸ್ತಾನ ಇಳಿಸಲು ಒಪ್ಪಲಿಲ್ಲ. ಅಲ್ಲಿಯ ನೂರು ರೂಪಾಯಿಗೆ ಇಲ್ಲಿ 144 ರೂಪಾಯಿ ಎಂದಾಯಿತು, ಭಾರತ ಆ ದರವನ್ನು ಮಾನ್ಯ ಮಾಡಲಿಲ್ಲ, ಆಗ ಪಾಕಿಸ್ತಾನದಲ್ಲಿದ್ದ ಪೂರ್ವ ಬಂಗಾಳದ ಸೆಣಬಿಗೂ ಕಲ್ಕತ್ತದ ಗಿರಣಿಗಳಿಗೂ ನಡುವಿನ ವ್ಯಾಪಾರ ನಿಂತುಹೋಯಿತು. ಕಡೆಗೆ 1955ರಲ್ಲಿ ಪಾಕಿಸ್ತಾನವೂ ತನ್ನ ರೂಪಾಯಿಯನ್ನು ಇಳಿಸಿತು. ಆರು ವರ್ಷ ಎತ್ತರದಲ್ಲಿ ನಿಂತದ್ದರಿಂದ ಆ ದೇಶ ಭಾರತಕ್ಕಿಂತ ಬಲಶಾಲಿಯಾಯಿತೆಂದು ಇಂದು ಯಾರೂ ಹೇಳುವುದಿಲ್ಲ.

ಈಗ 1966. ರೂಪಾಯಿ ಪತನದ ಕಥೆಯಲ್ಲಿ ಜೂನ್ 6 ಎಂಬ ಆ ದಿನಾಂಕಕ್ಕೆ ಕರಾಳ ಪಟ್ಟ ಕಟ್ಟಲಾಗಿದೆ: ಒಂದೇ ಏಟಿಗೆ ಡಾಲರು 4.76ರಿಂದ 7.50 ರೂಪಾಯಿಗೆ. ಏಟು ಬಿದ್ದದ್ದು ಅವತ್ತಲ್ಲ. 1955ರಿಂದ 66ರ ತನಕ ಇಲ್ಲಿಯ ಬೆಲೆಗಳು ಏರುತ್ತಲೇ ಇದ್ದವು, ದರ ಮಾತ್ರ ಅಲ್ಲಾಡಲಿಲ್ಲ. ಡಾಲರು ಕಾಗದದ ಮೇಲೆ ಅಗ್ಗ, ಕೈಗೆ ಸಿಗದು. ಆಮದು ಲೈಸೆನ್ಸ್ ಪಡೆದವನಿಗೆ ಕೂತಲ್ಲೇ ಹಣ; ಲೈಸೆನ್ಸುಗಳೇ ಕಾಳಸಂತೆಯಲ್ಲಿ ಮಾರಾಟವಾದವು. ರಫ್ತು ಸೊರಗಿತು, ಅದನ್ನು ಎತ್ತಿ ನಿಲ್ಲಿಸಲು ಸಹಾಯಧನಗಳು ಬಂದವು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ಳಿಕೋತಿನಲ್ಲಿ ಹುಟ್ಟಿದ ಬಿ.ಆರ್. ಶೆಣೈ 1955ರಲ್ಲೇ ಎರಡನೇ ಪಂಚವಾರ್ಷಿಕ ಯೋಜನೆಯ ಅರ್ಥಶಾಸ್ತ್ರಜ್ಞರ ತಂಡದಲ್ಲಿ ಒಂಟಿಯಾಗಿ ಭಿನ್ನಮತ ಬರೆದಿದ್ದರು: ಕೊರತೆಯ ಹಣದಿಂದ ಯೋಜನೆ ನಡೆಸಿದರೆ ಬೆಲೆ ಏರುತ್ತದೆ, ವಿದೇಶಿ ವಿನಿಮಯ ಬರಿದಾಗುತ್ತದೆ ಎಂದು. ಎರಡೇ ವರ್ಷದಲ್ಲಿ ವಿನಿಮಯದ ಬಿಕ್ಕಟ್ಟು ಬಂತು. ಆಮೇಲೆ ಎರಡು ಯುದ್ಧಗಳು, ಬರಗಾಲ, ಹಡಗಿನಲ್ಲಿ ಬರುವ ಅಮೆರಿಕನ್ ಗೋಧಿ. ರೂಪಾಯಿ ಇಳಿಸಿದರೆ ಮಾನ ಹೋಗುತ್ತದೆಂಬ ಭಯದಲ್ಲಿ ಮುಂದೂಡಿ ಮುಂದೂಡಿ, ಕಡೆಗೆ ಸಾಲ ಕೊಡುವವರ ಒತ್ತಡಕ್ಕೆ ಮಣಿದು, ಬರದ ನಡುವೆಯೇ ಇಳಿಸಬೇಕಾಯಿತು. ಭರವಸೆ ಕೊಟ್ಟಷ್ಟು ನೆರವೂ ಬರಲಿಲ್ಲ. ಇಂದಿರಾ ಗಾಂಧಿ ಸರ್ಕಾರ ಸ್ವಂತ ಪಕ್ಷದಿಂದಲೇ ಬೈಸಿಕೊಂಡಿತು. ಬೈಗುಳ ಬೀಳಬೇಕಿದ್ದದ್ದು ಹತ್ತು ವರ್ಷದ ವಿಳಂಬಕ್ಕೆ.

ಆ ಗಾಯದಿಂದ ಆಡಳಿತಗಾರರು ಕಲಿತದ್ದು ಇಳಿಸಿದರೂ ಸದ್ದು ಮಾಡಬಾರದು ಎಂಬುದನ್ನು. ಅಪಮೌಲ್ಯ ಎಂಬ ಪದವನ್ನೇ ಎತ್ತದೆ, 1971ರ ನಂತರ ಇಳಿಯುತ್ತಿದ್ದ ಪೌಂಡಿಗೆ ಕಟ್ಟಿಕೊಂಡು, 1975ರಿಂದ ಹಲವು ಹಣಗಳ ಗುಂಪಿಗೆ ಕಟ್ಟಿಕೊಂಡು ಸಾಗಿದರು. 1980ರ ಸುಮಾರಿಗೆ 8ರ ಹತ್ತಿರವಿದ್ದ ಡಾಲರು 1990ಕ್ಕೆ 17 ದಾಟಿತ್ತು. ಇಷ್ಟಿದ್ದೂ ವಿದೇಶಿ ಸಾಲ ಬೆಳೆಯಿತು, ಕೊಲ್ಲಿ ಯುದ್ಧಕ್ಕೆ ತೈಲದ ಬೆಲೆ ಏರಿತು, 1991ರ ಬೇಸಿಗೆಗೆ ಎರಡು ಮೂರು ವಾರದ ಆಮದಿಗಾಗುವಷ್ಟು ಮಾತ್ರ ಡಾಲರು ಉಳಿಯಿತು. ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಅಡವಿಟ್ಟು ಸಾಲ ತಂದಿತು. ಜುಲೈ 1 ಮತ್ತು 3ರಂದು ಎರಡು ಹೆಜ್ಜೆಯಲ್ಲಿ ರೂಪಾಯಿ ಡಾಲರಿಗೆ ಸುಮಾರು 26ಕ್ಕೆ ಇಳಿಯಿತು. 1993ರ ಮಾರ್ಚಿನಿಂದ ದರವನ್ನು ಮಾರುಕಟ್ಟೆಗೆ ಬಿಡಲಾಯಿತು. ಆ ವರ್ಷಗಳಲ್ಲೇ ಲೈಸೆನ್ಸಿಗಾಗಿ ದಿಲ್ಲಿಯ ಕಚೇರಿಗಳ ಬಾಗಿಲು ಕಾಯುವ ಪಾಡು ಬಹುಮಟ್ಟಿಗೆ ತಪ್ಪಿತು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಹಬ್ಬಿದ್ದು ಆ ಬಾಗಿಲು ತೆರೆದ ಮೇಲೆ.

ಇಷ್ಟಾದರೂ ಒಂದು ಡಾಲರಿಗೆ ಎಷ್ಟು ರೂಪಾಯಿ ಎಂಬುದರಿಂದಲೇ ದೇಶದ ಬಲ ಅಳೆಯುವವರಿದ್ದಾರೆ. ಎತ್ತರವನ್ನು ಇಂಚಿನಲ್ಲಿ ಹೇಳಿದ ಮಾತ್ರಕ್ಕೆ ಯಾರೂ ಉದ್ದವಾಗುವುದಿಲ್ಲ. ಕುವೈತಿನ ದಿನಾರು ಡಾಲರಿಗಿಂತ ದುಬಾರಿ. ಕುವೈತು ಅಮೆರಿಕಕ್ಕಿಂತ ದೊಡ್ಡ ಶಕ್ತಿಯಲ್ಲ. ಜಪಾನು 1949ರಿಂದ 1971ರವರೆಗೆ ಡಾಲರಿಗೆ 360 ಯೆನ್ ದರದಲ್ಲೇ ಕಾರು, ರೇಡಿಯೊ, ಹಡಗು ಮಾರಿ ಮೇಲೆ ಬಂತು. 1985ರಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಆದ ಒಪ್ಪಂದದಿಂದ ಯೆನ್ ದುಬಾರಿಯಾಗುವಂತೆ ಮಾಡಿದ್ದು ಅಮೆರಿಕದ ಒತ್ತಡ. ಚೀನಾ 1994ರ ಜನವರಿಯಲ್ಲಿ ತನ್ನ ಅಧಿಕೃತ ದರವನ್ನು 5.8ರಿಂದ 8.7 ಯುವಾನಿಗೆ ಇಳಿಸಿತು. ನಿಮ್ಮ ಹಣವನ್ನು ಏರಿಸಿ ಎಂದು ಅಮೆರಿಕ ಮುಂದೆ ವರ್ಷಗಟ್ಟಲೆ ಅದರ ಬೆನ್ನು ಬಿದ್ದಿತು. ದುಬಾರಿ ಹಣವೇ ಗೆಲುವಾಗಿದ್ದರೆ ಎದುರಾಳಿಗೆ ಅದನ್ನು ದಯಪಾಲಿಸಲು ಯಾರು ಹಟ ಮಾಡುತ್ತಾರೆ?

ರೂಪಾಯಿ ಇಳಿದರೆ ನೋವೇ ಇಲ್ಲ ಎಂದಲ್ಲ. ದೇಶ ತನ್ನ ಕಚ್ಚಾತೈಲದ ಶೇಕಡ 85ಕ್ಕೂ ಹೆಚ್ಚನ್ನು, ಅಡುಗೆ ಎಣ್ಣೆಯ ಅರ್ಧಕ್ಕೂ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. 2013ರ ಆಗಸ್ಟಿನಲ್ಲಿ ಡಾಲರು 68 ದಾಟಿದಾಗ, 2024ರ ಕೊನೆಗೆ 85 ದಾಟಿದಾಗ ಆ ಭಾರ ಅಡುಗೆಮನೆಗೆ ಬಂದೇ ಬಂತು. ಮಗಳನ್ನು ಅಮೆರಿಕಕ್ಕೆ ಓದಲು ಕಳಿಸಿ ಇಲ್ಲಿ ಸಾಲ ತೀರಿಸುವ ಮೇಷ್ಟರ ಮನೆಗೆ ಒಂದೊಂದು ರೂಪಾಯಿಯ ಇಳಿತವೂ ತಟ್ಟುತ್ತದೆ. ಆದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರನ ಸ್ಥಿತಿ ಬೇರೆ. ಅವನ ಬೆಲೆ ನಿಗದಿಯಾಗುವುದು ನ್ಯೂಯಾರ್ಕ್ ಮತ್ತು ಲಂಡನ್ನಿನ ಪೇಟೆಗಳಲ್ಲಿ, ಡಾಲರಿನಲ್ಲಿ. ಕೂಲಿ, ಗೊಬ್ಬರ, ಡೀಸೆಲ್ ಎಲ್ಲ ಇಲ್ಲಿ ವರ್ಷವರ್ಷವೂ ಏರಿ, ಡಾಲರಿನ ದರ ಮಾತ್ರ ಅಲ್ಲೇ ನಿಂತರೆ ತೋಟ ನಷ್ಟಕ್ಕೆ ಬೀಳುತ್ತದೆ. ಮಂಗಳೂರಿನ ಗೇರುಬೀಜದ ಕಾರ್ಖಾನೆ ಆಫ್ರಿಕದಿಂದ ಬೀಜ ತರಿಸುವುದೂ ಡಾಲರಿನಲ್ಲಿ, ರಫ್ತಿನ ತಿರುಳು ಮಾರುವುದೂ ಡಾಲರಿನಲ್ಲಿ; ಅದಕ್ಕೆ ಇಳಿತದಿಂದ ಒಂದು ಕಡೆ ಪೆಟ್ಟು, ಇನ್ನೊಂದು ಕಡೆ ಲಾಭ. ದುಬೈಯಿಂದ ಭಟ್ಕಳಕ್ಕೆ ಹಣ ಕಳಿಸುವವನ ಮನೆಯಲ್ಲಿ ಇಳಿತವೆಂದರೆ ಹೆಚ್ಚಿನ ರೂಪಾಯಿ, ಏಕೆಂದರೆ ದಿರ್ಹಮ್ ಡಾಲರಿಗೆ ಕಟ್ಟಿಕೊಂಡಿದೆ. ಇವರೆಲ್ಲರಿಗೂ ಒಂದೇ ಮಾನ, ಒಂದೇ ಅವಮಾನ ಎಂದು ಹೇಳುವ ಹಕ್ಕು ಯಾವ ಭಾಷಣಕಾರನಿಗೂ ಇಲ್ಲ.

ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳುವುದಾದರೆ ಅದಕ್ಕೆ ಬೇಕಾದಷ್ಟು ವಿಷಯಗಳಿವೆ. ಇಲ್ಲಿಯ ಬೆಲೆಗಳು ಏರುವ ವೇಗವೆಷ್ಟು, ವಿನಿಮಯ ಸಂಗ್ರಹ ಎಷ್ಟು ತಿಂಗಳ ಆಮದಿಗೆ ಸಾಕು, ಅದರಲ್ಲಿ ಎಷ್ಟು ಭಾಗ ಯಾವಾಗ ಬೇಕಾದರೂ ಹೊರಗೆ ಓಡಬಲ್ಲ ಷೇರುಪೇಟೆಯ ಹಣ, ತೈಲದ ಖರ್ಚು ತಗ್ಗಿಸಲು ಏನು ನಡೆದಿದೆ, ರೂಪಾಯಿ ಇಳಿದ ಲಾಭವನ್ನು ಬಳಸಿಕೊಂಡು ಸಣ್ಣ ಕಾರ್ಖಾನೆಗಳು ಹೊಸ ಮಾರುಕಟ್ಟೆ ಹಿಡಿದವೇ, ಇಳಿತದ ಹೊರೆ ಬಿದ್ದ ಬಡವರಿಗೆ ಅಡುಗೆ ಎಣ್ಣೆಯ ಸುಂಕದಲ್ಲಿ ರಿಯಾಯಿತಿ ಸಿಕ್ಕಿತೇ. ಇವನ್ನು ಸಂಸತ್ತಿನಲ್ಲಿ ಕೇಳಬೇಕು, ಪತ್ರಿಕೆಗಳು ಕೇಳಬೇಕು, ಪದವಿ ತರಗತಿಗಳಲ್ಲಿ ಮಕ್ಕಳು ಕೇಳಬೇಕು. 1926ರಲ್ಲಿ ಎರಡು ಪೆನ್ಸಿನ ಲೆಕ್ಕವನ್ನು ರೈತನ ಕಂದಾಯದವರೆಗೂ ಬಿಡಿಸಿ ನೋಡಿದ ದೇಶಕ್ಕೆ ಈ ಪ್ರಶ್ನೆಗಳು ಕಷ್ಟದವಲ್ಲ.